ದೀಕ್ಷೆ ಉಂಟು, ಸದಸ್ಯತ್ವ ಇಲ್ಲ

ಸಭಾ ಚರಿತ್ರೆಯ, ಅಂದರೆ ಕ್ರೈಸ್ತ ಚರ್ಚಿನ ಚರಿತ್ರೆಯ, ತರಗತಿಯಲ್ಲಿ ವಿದ್ಯಾರ್ಥಿಗಳು ಪ್ರತಿ ವರ್ಷ ತಡವರಿಸುವ ಒಂದು ವಿಷಯವಿದೆ. ಪ್ರಾಟೆಸ್ಟಂಟ್ ಪಂಗಡವಾದ ಮೆಥೋಡಿಸ್ಟರಲ್ಲಿ ಗುರುದೀಕ್ಷೆ ಬೇರೆ, ಒಂದು ಪ್ರದೇಶದ ಸಭೆಗಳ ಆಡಳಿತ ನಡೆಸುವ ವಾರ್ಷಿಕ ಕಾನ್ಫರೆನ್ಸಿನ ಸದಸ್ಯತ್ವ ಬೇರೆ. ದೀಕ್ಷೆ ಪಡೆದವರು ಪ್ರಸಂಗ ಮಾಡಬಹುದು, ಸಂಸ್ಕಾರಗಳನ್ನು ನಡೆಸಬಹುದು. ಆದರೆ ಬಿಷಪ್ ಓದುವ ನೇಮಕಾತಿ ಪಟ್ಟಿಯಲ್ಲಿ ತನಗೊಂದು ಸಭೆ ಇರಲೇಬೇಕೆಂದು ಕೇಳುವ ಹಕ್ಕೂ ಕಾನ್ಫರೆನ್ಸಿನಲ್ಲಿ ಮತ ಹಾಕುವ ಹಕ್ಕೂ ಸದಸ್ಯರದು. ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಸಭೆ 1924ರಲ್ಲಿ ಹೆಂಗಸರಿಗೆ ದೀಕ್ಷೆಯನ್ನು ಕೊಟ್ಟಿತು, ಸದಸ್ಯತ್ವವನ್ನು ಕೊಡಲಿಲ್ಲ.

ಇದರ ಬಿಸಿ ಅರಿಯಲು ಆ ಸಭೆಯ ದೈವಶಾಸ್ತ್ರಜ್ಞೆ ಜಾರ್ಜಿಯಾ ಹಾರ್ಕ್‌ನೆಸ್ ಅವರ ವೃತ್ತಿಜೀವನವನ್ನು ನೋಡಬೇಕು. 1891ರಲ್ಲಿ ನ್ಯೂಯಾರ್ಕ್ ರಾಜ್ಯದ ಹಳ್ಳಿಯೊಂದರಲ್ಲಿ ಹುಟ್ಟಿ, ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಎಡ್ಗರ್ ಬ್ರೈಟ್‌ಮನ್ ಅವರ ಮಾರ್ಗದರ್ಶನದಲ್ಲಿ 1923ರಲ್ಲಿ ಡಾಕ್ಟರೇಟ್ ಪಡೆದವರು. 1926ರಲ್ಲಿ ದೀಕ್ಷೆಯ ಮೊದಲ ಹಂತವಾದ ಡೀಕನ್, 1938ರಲ್ಲಿ ಮೇಲಿನ ಹಂತವಾದ ಎಲ್ಡರ್ ಆದರು. ಎರಡೂ ಸ್ಥಳೀಯ ದರ್ಜೆಯವು, ಅಂದರೆ ಕಾನ್ಫರೆನ್ಸಿನ ಸದಸ್ಯತ್ವವಿಲ್ಲದವು. ಅದೇ 1938ರ ಡಿಸೆಂಬರಿನಲ್ಲಿ ಮದ್ರಾಸಿನ ತಾಂಬರಂನಲ್ಲಿ ನಡೆದ ಅಂತರರಾಷ್ಟ್ರೀಯ ಮಿಷನರಿ ಸಮ್ಮೇಳನಕ್ಕೂ ಬಂದಿದ್ದರು. ಮುಂದೆ ಷಿಕಾಗೊ ಬಳಿಯ ಪಾದ್ರಿಗಳನ್ನು ತಯಾರು ಮಾಡುವ ಗ್ಯಾರೆಟ್ ಸೆಮಿನರಿಯಲ್ಲಿ 1950ರವರೆಗೆ, ಅಲ್ಲಿಂದ 1961ರವರೆಗೆ ಬರ್ಕ್ಲಿಯ ಪೆಸಿಫಿಕ್ ಸ್ಕೂಲ್ ಆಫ್ ರಿಲಿಜನ್‌ನಲ್ಲಿ ಕಲಿಸಿದರು. ಅಮೆರಿಕದ ಪ್ರಾಟೆಸ್ಟಂಟ್ ಸೆಮಿನರಿಯಲ್ಲಿ ದೈವಶಾಸ್ತ್ರದ ಪ್ರಾಧ್ಯಾಪಕಿಯಾದ ಮೊದಲ ಮಹಿಳೆ ಎಂದು ಚರಿತ್ರಕಾರರು ಇವರನ್ನೇ ಹೆಸರಿಸುತ್ತಾರೆ.

ಗ್ಯಾರೆಟ್‌ನಲ್ಲಿ ಅವರದು ಅನ್ವಯಿಕ ದೈವಶಾಸ್ತ್ರದ ಹುದ್ದೆ. ಮೂವತ್ತಕ್ಕೂ ಹೆಚ್ಚು ಪುಸ್ತಕ ಬರೆದರು. ಅವುಗಳಲ್ಲಿ ಬಹಳಷ್ಟು ಸಾಮಾನ್ಯ ವಿಶ್ವಾಸಿಗಳಿಗಾಗಿ. ವಿದ್ವಾಂಸರ ವಲಯದಲ್ಲಿ ಇಂಥ ಬರವಣಿಗೆಯನ್ನು ಹಗುರವಾಗಿ ಎಣಿಸುವುದುಂಟು. ನನಗೆ ಇದು ಸ್ವಲ್ಪವೂ ಒಪ್ಪಿಗೆಯಿಲ್ಲ. ಸೆಮಿನರಿಯಲ್ಲಿ ಕಲಿತವನು ನಾಳೆ ಪ್ರಸಂಗಪೀಠದಲ್ಲಿ ನಿಲ್ಲುತ್ತಾನೆ. ಅಲ್ಲಿ ಅರ್ಥವಾಗದ ದೈವಶಾಸ್ತ್ರ ಯಾರ ಸಂಕಟಕ್ಕೂ ಒದಗುವುದಿಲ್ಲ. ದೀರ್ಘ ಕಾಯಿಲೆ, ನಿದ್ರಾಹೀನತೆ, ಖಿನ್ನತೆಗಳನ್ನು ಹಾದುಬಂದ ಹಾರ್ಕ್‌ನೆಸ್, ಆತ್ಮದ ಕತ್ತಲಿನ ಬಗ್ಗೆ 1945ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಖಿನ್ನತೆಯೆಂದರೆ ವಿಶ್ವಾಸದ ಕೊರತೆ ಎಂದು ಇಂದಿಗೂ ಹೇಳುವ ಪಾಸ್ಟರುಗಳಿದ್ದಾರೆ. ಅವರು ಇದನ್ನು ಓದಬೇಕು.

ಸುಲಭವಾಗಿ ಬರೆಯುವವರು ವಾದದಲ್ಲಿ ಮೆತ್ತಗಿರುತ್ತಾರೆ ಎಂದುಕೊಳ್ಳಬಾರದು. 1948ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಚರ್ಚುಗಳ ಜಾಗತಿಕ ಮಂಡಳಿಯ ಮೊದಲ ಮಹಾಸಭೆ. ಚರ್ಚಿನಲ್ಲಿ ಸ್ತ್ರೀಯರ ಸ್ಥಾನ ಕುರಿತ ಚರ್ಚೆಯಲ್ಲಿ ಹಾರ್ಕ್‌ನೆಸ್, ಗಂಡು ಹೆಣ್ಣು ಇಬ್ಬರೂ ದೇವರ ಸ್ವರೂಪದಲ್ಲಿ ಸೃಷ್ಟಿಯಾದವರು ಎಂದರು. ಎದುರಿಗಿದ್ದವರು ಕಾರ್ಲ್ ಬಾರ್ತ್, ಆ ಕಾಲದ ದೈವಶಾಸ್ತ್ರದಲ್ಲಿ ಅತಿ ದೊಡ್ಡ ಹೆಸರು. ಅದು ಪೂರ್ತಿ ತಪ್ಪು, ಹೆಣ್ಣು ಆದಾಮನ ಪಕ್ಕೆಲುಬಿನಿಂದ ಬಂದವಳು, ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದ ಪ್ರಕಾರ ಗಂಡನೇ ತಲೆ ಎಂದು ಬಾರ್ತ್ ವಾದಿಸಿದರು. ಇಬ್ಬರ ಕೈಯಲ್ಲೂ ಇದ್ದದ್ದು ಬೈಬಲಿನ ಆದಿಕಾಂಡವೇ; ಹಾರ್ಕ್‌ನೆಸ್ ಅವರದು 1ನೇ ಅಧ್ಯಾಯ, ಬಾರ್ತ್ ಅವರದು 2ನೆಯದು. ಯಾವ ಅಧ್ಯಾಯದ ಬೆಳಕಿನಲ್ಲಿ ಯಾವುದನ್ನು ಓದಬೇಕು ಎಂಬ ಪ್ರಶ್ನೆಯನ್ನು ನಾನು ತರಗತಿಯಲ್ಲಿ ಇಲ್ಲಿಂದಲೇ ಎತ್ತಿಕೊಳ್ಳುತ್ತೇನೆ.

ಸದಸ್ಯತ್ವದ ಹಕ್ಕು ಬಂದದ್ದು 1956ರಲ್ಲಿ, ಮಿನಿಯಾಪೊಲಿಸ್‌ನಲ್ಲಿ ಸೇರಿದ ಜನರಲ್ ಕಾನ್ಫರೆನ್ಸಿನಲ್ಲಿ, ಅಂದರೆ ಇಡೀ ಮೆಥೋಡಿಸ್ಟ್ ಸಭೆಗೆ ನಿಯಮ ಮಾಡುವ ಪರಮೋಚ್ಚ ಮಂಡಳಿಯಲ್ಲಿ. ಅವಿವಾಹಿತೆಯರಿಗೂ ವಿಧವೆಯರಿಗೂ ಮಾತ್ರ ಕೊಡೋಣ ಎಂಬ ಸಲಹೆಯೂ ಅಲ್ಲಿ ಬಂದು ಬಿದ್ದುಹೋಯಿತು. ದಶಕಗಳ ಕಾಲ ಇದಕ್ಕಾಗಿ ಹೋರಾಡಿದ ಹಾರ್ಕ್‌ನೆಸ್ ಸ್ವತಃ ಸದಸ್ಯತ್ವಕ್ಕೆ ಅರ್ಜಿ ಹಾಕಲಿಲ್ಲ. ಅವರಿಗೆ ಪ್ರಾಧ್ಯಾಪಕ ಹುದ್ದೆ ಇತ್ತು. ಸಭೆಗಳಲ್ಲಿ ದುಡಿಯುವ ಹೆಂಗಸರಿಗೆ ಅಂಥ ಆಸರೆ ಇರಲಿಲ್ಲ. ಅವರ ಹೋರಾಟ ಆ ಹೆಂಗಸರಿಗಾಗಿ ಇತ್ತು ಎಂದೇ ನನ್ನ ತಿಳಿವಳಿಕೆ.

ಆಗ ನಮ್ಮ ಬೀದರ್, ಕೋಲಾರಗಳ ಮೆಥೋಡಿಸ್ಟ್ ಸಭೆಗಳೂ ಅದೇ ಜನರಲ್ ಕಾನ್ಫರೆನ್ಸಿಗೆ ಸೇರಿದ್ದವು. ಭಾರತದ ಮೆಥೋಡಿಸ್ಟ್ ಸಭೆ ಸ್ವತಂತ್ರವಾದದ್ದು 1981ರಲ್ಲಿ. ಆದ್ದರಿಂದ ನಮ್ಮ ವಿದ್ಯಾರ್ಥಿನಿಯರು ಇದನ್ನು ಅಮೆರಿಕದ ಸಂಗತಿಯೆಂದು ಪಕ್ಕಕ್ಕಿಡಬಾರದು. ಸೇವೆಗೆ ಬನ್ನಿ ಎಂದು ಯಾವುದೇ ಸಭೆ ಕರೆದಾಗ ದೀಕ್ಷೆಯ ದಿನಾಂಕವನ್ನಷ್ಟೇ ಕೇಳಿ ಸುಮ್ಮನಾಗಬೇಡಿ. ಮತದ ಹಕ್ಕು ಉಂಟೇ, ವರ್ಗವಾದಾಗ ಮುಂದಿನ ನೇಮಕದ ಖಾತರಿ ಉಂಟೇ ಎಂಬುದನ್ನೂ ಬರಹದಲ್ಲಿ ಕೇಳಿ ಪಡೆಯಿರಿ.