‘ಮ್ಯಾಚಿಂಗ್ ನಂಬರ್ಸ್’ ಎಂದ ಮಾತ್ರಕ್ಕೆ ಅದು ಕಾರಿನ ಮೊದಲ ಎಂಜಿನ್ ಆಗುವುದಿಲ್ಲ

ಪ್ರಶ್ನೆ: 1967ರ ಷೆವರ್ಲೆ ಕಾರ್ವೆಟ್ ಸ್ಟಿಂಗ್ ರೇ ಕನ್ವರ್ಟಿಬಲ್ ಒಂದು ಮಾರಾಟಕ್ಕಿದೆ. ಪೂರ್ತಿಯಾಗಿ ರಿಸ್ಟೋರ್ ಮಾಡಲಾಗಿದೆ, 427 ಘನ ಇಂಚಿನ 435 ಅಶ್ವಶಕ್ತಿಯ ಎಂಜಿನ್ ಇದೆ, ‘ಮ್ಯಾಚಿಂಗ್ ನಂಬರ್ಸ್’ ಕಾರು ಎಂದು ಜಾಹೀರಾತು ಹೇಳುತ್ತದೆ. ಎಂಜಿನ್ ಮೇಲಿನ ಸಂಖ್ಯೆಯ ಚಿತ್ರವನ್ನೂ ಕಳಿಸಿದ್ದಾರೆ, ಅದು ಕಾರಿನ ಸಂಖ್ಯೆಗೆ ಹೊಂದುತ್ತದೆ. ಅಂದ ಮೇಲೆ ಎಂಜಿನ್ ಅಸಲಿ ಎಂದು ನಂಬಿ, ಅದಕ್ಕಾಗಿ ಕೇಳುತ್ತಿರುವ ಹೆಚ್ಚಿನ ಬೆಲೆ ಕೊಡಬಹುದಲ್ಲವೇ?

ಉತ್ತರ: ಕೊಡಬೇಡಿ. ಕನಿಷ್ಠ ಆ ಒಂದು ಚಿತ್ರವನ್ನು ನಂಬಿ ಕೊಡಬೇಡಿ. ಅಮೆರಿಕದಲ್ಲಿ ನೆಲೆಸಿರುವ ಓದುಗರಿಂದ ಈ ಪ್ರಶ್ನೆ ಪದೇ ಪದೇ ಬರುತ್ತದೆ. ಕಾರಿನ ಬಣ್ಣ, ವರ್ಷ, ಮಾರುವವರ ಊರು ಬದಲಾಗುತ್ತವೆ, ಆದರೆ ‘ಸಂಖ್ಯೆ ಹೊಂದುತ್ತದೆ, ಆದ್ದರಿಂದ ಎಂಜಿನ್ ಅಸಲಿ’ ಎಂಬ ತರ್ಕ ಮಾತ್ರ ಬದಲಾಗುವುದಿಲ್ಲ. ಬಿಡಿಬಿಡಿಯಾಗಿ ಉತ್ತರಿಸಿ ದಣಿದಿರುವುದರಿಂದ ಈ ಸಲ ಬುಡದಿಂದಲೇ ವಿವರಿಸುತ್ತೇನೆ. ದಯವಿಟ್ಟು ಪೂರ್ತಿ ಓದಿ.

ಮೊದಲು ಕಾರಿನ ಸಂಖ್ಯೆಯನ್ನು ನೋಡೋಣ. 1963ರಿಂದ 1967ರವರೆಗಿನ ಸ್ಟಿಂಗ್ ರೇಗಳಲ್ಲಿ ಗುರುತಿನ ಸಂಖ್ಯೆಯ ತಗಡು ಗ್ಲೋವ್ ಬಾಕ್ಸ್‌ನ ಕೆಳಗಿನ ಅಡ್ಡಪಟ್ಟಿಯ ಮೇಲಿರುತ್ತದೆ. 1967ರ ಕನ್ವರ್ಟಿಬಲ್‌ನ ಸಂಖ್ಯೆ 194677ಎಸ್ ಎಂದು ಆರಂಭವಾಗುತ್ತದೆ. ಇದರಲ್ಲಿ 1 ಎಂದರೆ ಷೆವರ್ಲೆ, 94 ಎಂದರೆ ಕಾರ್ವೆಟ್, 67 ಎಂದರೆ ಕನ್ವರ್ಟಿಬಲ್. ಈ 67 ವರ್ಷವನ್ನು ಸೂಚಿಸುತ್ತದೆ ಎಂದು ತಿಳಿಯುವವರು ಬಹಳ ಮಂದಿ, ಆದರೆ ಅದು ದೇಹದ ಬಗೆಯ ಸಂಕೇತ, ಕೂಪೆಯಾದರೆ ಅಲ್ಲಿ 37 ಇರುತ್ತದೆ. ಅದರ ಮುಂದಿನ 7 ಮಾದರಿ ವರ್ಷ, ಎಸ್ ಎಂದರೆ ಸೇಂಟ್ ಲೂಯಿಸ್ ಕಾರ್ಖಾನೆ, ಉಳಿದ ಆರು ಅಂಕಿಗಳು ಕ್ರಮಸಂಖ್ಯೆ. ಇಷ್ಟರಲ್ಲಿ ಎಂಜಿನ್‌ನ ಸುಳಿವು ಎಲ್ಲಿಯೂ ಇಲ್ಲ. ಆ ವರ್ಷ ತಯಾರಾದ 22,940 ಕಾರ್ವೆಟ್‌ಗಳಲ್ಲಿ 14,436 ಕನ್ವರ್ಟಿಬಲ್‌ಗಳು, ಅವುಗಳಲ್ಲಿ 300 ಅಶ್ವಶಕ್ತಿಯ 327 ಎಂಜಿನ್‌ನೊಂದಿಗೆ ಹೊರಬಂದ ಕಾರಿಗೂ 435 ಅಶ್ವಶಕ್ತಿಯ 427 ಎಂಜಿನ್‌ನೊಂದಿಗೆ ಹೊರಬಂದ ಕಾರಿಗೂ ಗುರುತಿನ ಸಂಖ್ಯೆಯ ಸ್ವರೂಪ ಒಂದೇ. ಪಕ್ಕದಲ್ಲಿರುವ ಇನ್ನೊಂದು ತಗಡು ಬಣ್ಣ, ಒಳಾಂಗಣ ಮತ್ತು ದೇಹ ತಯಾರಾದ ದಿನವನ್ನು ಹೇಳುತ್ತದೆ, ಎಂಜಿನ್ ವಿಷಯದಲ್ಲಿ ಅದೂ ಮೌನ. ಕಾರ್ವೆಟ್‌ನ ಗುರುತಿನ ಸಂಖ್ಯೆಯೊಳಗೆ ಎಂಜಿನ್‌ನ ಸಂಕೇತ ಸೇರಿದ್ದು 1972ರ ಮಾದರಿಯಿಂದ. ಅದಕ್ಕಿಂತ ಹಿಂದಿನ ಕಾರುಗಳಲ್ಲಿ ಇಷ್ಟೆಲ್ಲ ವಂಚನೆಗೆ ಅವಕಾಶವಾದದ್ದು ಈ ಒಂದು ಕೊರತೆಯಿಂದಲೇ.

ಇನ್ನು ಎಂಜಿನ್ ಮೇಲಿನ ಸಂಖ್ಯೆ. ಎಂಜಿನ್‌ನ ಮುಖ್ಯ ಎರಕದ ಭಾಗವಾದ ಬ್ಲಾಕಿನ ಮುಂಭಾಗದಲ್ಲಿ, ಪ್ರಯಾಣಿಕರ ಬದಿಯ, ಅಂದರೆ ಬಲಗಡೆಯ, ಸಿಲಿಂಡರ್ ಹೆಡ್‌ನ ಮುಂದೆ, ಒಂದು ಸಣ್ಣ ಸಮತಟ್ಟಾದ ಜಾಗವಿದೆ. ಅದರ ಮೇಲೆ ಎರಡು ಮುದ್ರೆಗಳಿರುತ್ತವೆ. ಒಂದು ಎಂಜಿನ್ ಜೋಡಣೆಯ ಸಂಕೇತ. ಉದಾಹರಣೆಗೆ ‘ಟಿ0215ಜೆಇ’ ಎಂದಿದ್ದರೆ ನ್ಯೂಯಾರ್ಕ್ ರಾಜ್ಯದ ಟೊನವಾಂಡಾ ಕಾರ್ಖಾನೆ, ಫೆಬ್ರವರಿ 15, ಮತ್ತು 435 ಅಶ್ವಶಕ್ತಿಯ ಎಂಜಿನ್ ಎಂದರ್ಥ. ಚಿಕ್ಕ ಬ್ಲಾಕಿನ 327 ಎಂಜಿನ್‌ಗಳಾದರೆ ಮಿಷಿಗನ್‌ನ ಫ್ಲಿಂಟ್‌ನಿಂದ ಬಂದವು. ಎರಡನೆಯ ಮುದ್ರೆ ಕಾರಿನ ಕ್ರಮಸಂಖ್ಯೆಯದು, ಮಾದರಿ ವರ್ಷದ ಅಂಕಿಯ ಜೊತೆಗೆ. ಮೊದಲನೆಯದನ್ನು ಗುದ್ದಿದ್ದು ಎಂಜಿನ್ ಕಾರ್ಖಾನೆಯಲ್ಲಿ, ಎರಡನೆಯದನ್ನು ಗುದ್ದಿದ್ದು ಸೇಂಟ್ ಲೂಯಿಸ್‌ನಲ್ಲಿ. ಎರಡು ಊರು, ಎರಡು ಕೈ, ಎರಡು ಅಚ್ಚು. ಇದನ್ನು ನೆನಪಿಟ್ಟುಕೊಳ್ಳಿ.

ಈಗ ಆ ಹಟಮಾರಿ ನಂಬಿಕೆಗೆ ಬರೋಣ. ‘ಮ್ಯಾಚಿಂಗ್ ನಂಬರ್ಸ್’ ಎಂಬುದನ್ನು ಕೊಳ್ಳುವವರು ‘ಕಾರ್ಖಾನೆಯಿಂದ ಈ ಕಾರಿನೊಂದಿಗೇ ಬಂದ ಎಂಜಿನ್’ ಎಂದು ಓದಿಕೊಳ್ಳುತ್ತಾರೆ. ಮಾರುವವರಲ್ಲಿ ಅನೇಕರು ಅದನ್ನು ಬಳಸುವುದು ‘ಇಲ್ಲಿರುವ ಸಂಖ್ಯೆಗಳು ಒಂದಕ್ಕೊಂದು ಹೊಂದುತ್ತವೆ’ ಎಂಬ ಅರ್ಥದಲ್ಲಿ. ಈ ಎರಡೂ ಒಂದೇ ಅಲ್ಲ. ಬ್ಲಾಕನ್ನು ಎರಕ ಹೊಯ್ಯುವಾಗಲೇ ಮೂಡಿಸಿದ ಎರಕದ ಸಂಖ್ಯೆ ಆ ವರ್ಷದ್ದು, ಎರಕದ ದಿನಾಂಕ ಸರಿಯಾದ ಅವಧಿಯದು, ಜೋಡಣೆಯ ಸಂಕೇತ ಸರಿಯಾದದ್ದು, ಕ್ರಮಸಂಖ್ಯೆಯೂ ಸರಿ ಎಂದಿದ್ದರೂ, ಆ ಕ್ರಮಸಂಖ್ಯೆಯನ್ನು ಗುದ್ದಿದ್ದು 1967ರಲ್ಲೋ ಹತ್ತು ವರ್ಷದ ಹಿಂದೆ ಯಾವುದೋ ಗ್ಯಾರೇಜಿನಲ್ಲೋ ಎಂಬುದನ್ನು ಆ ಅಂಕಿಗಳಷ್ಟೇ ಹೇಳಲಾರವು. ಅಂಕಿ ಗುದ್ದುವ ಉಳಿ ಮತ್ತು ಸುತ್ತಿಗೆ ಇರುವ ಯಾರಾದರೂ ಸಂಖ್ಯೆಗಳನ್ನು ಹೊಂದಿಸಬಹುದು.

ಮರುಮುದ್ರೆಯ ಅವಕಾಶ ಹೇಗೆ ಹುಟ್ಟುತ್ತದೆ ಎಂಬುದೂ ತಿಳಿದಿರಬೇಕು, ಏಕೆಂದರೆ ಅದರ ಆರಂಭದಲ್ಲಿ ಯಾವಾಗಲೂ ಮೋಸವಿರುವುದಿಲ್ಲ. ಹಳೆಯ ಎಂಜಿನ್ ಅನ್ನು ಪೂರ್ತಿ ಬಿಚ್ಚಿ ಕಟ್ಟುವಾಗ ಸಿಲಿಂಡರ್ ಹೆಡ್ ಕೂರುವ ಮೇಲ್ಮೈ ಡೊಂಕಾಗಿದ್ದರೆ ಯಂತ್ರದಲ್ಲಿ ತೆಳುವಾಗಿ ಹೆರೆದು ಮಟ್ಟ ಮಾಡುತ್ತಾರೆ. ಸಂಖ್ಯೆಯಿರುವ ಜಾಗ ಅದೇ ಮೇಲ್ಮೈಯ ಮುಂದುವರಿಕೆಯಾದ್ದರಿಂದ, ಎಚ್ಚರ ವಹಿಸದಿದ್ದರೆ ಸಂಖ್ಯೆಯೂ ಹೆರೆದು ಹೋಗುತ್ತದೆ. ಹೀಗೆ ತನ್ನದೇ ಎಂಜಿನ್‌ನ ಮುದ್ರೆಯನ್ನು ಕಳೆದುಕೊಂಡ ಪ್ರಾಮಾಣಿಕ ಮಾಲೀಕರೂ ಇದ್ದಾರೆ. ಅಂಥವರು ಅದನ್ನೇ ಮತ್ತೆ ಗುದ್ದಿಸಿದರೂ ಮುಂದಿನ ಕೊಳ್ಳುಗನಿಗೆ ಸತ್ಯವನ್ನು ಬೇರ್ಪಡಿಸುವ ದಾರಿ ಮುಚ್ಚಿಹೋಗುತ್ತದೆ. ಇನ್ನೊಂದು ಬಗೆಯವರು ಸಾಧಾರಣ ಕಾರಿಗೆ ಬೇರೆಲ್ಲಿಂದಲೋ ತಂದ 427 ಬ್ಲಾಕನ್ನು ಕೂರಿಸಿ, ಹಳೆಯ ಮುದ್ರೆ ಹೆರೆದು, ಹೊಸದನ್ನು ಗುದ್ದುತ್ತಾರೆ. ಮೂರು ಕಾರ್ಬ್ಯುರೇಟರ್‌ಗಳು, ಅವುಗಳ ಮೇಲಿನ ತ್ರಿಕೋನಾಕಾರದ ಏರ್ ಕ್ಲೀನರ್, ಎಂಜಿನ್‌ಗೆ ತಕ್ಕ ಬಾನೆಟ್ ಎಲ್ಲವೂ ಹೊಸದಾಗಿಯೇ ಸಿಗುತ್ತವೆ. ಎಲ್-71 ಎಂಬ ಸಂಕೇತದ ಈ 435 ಅಶ್ವಶಕ್ತಿಯ ಎಂಜಿನ್‌ಗೆ 1967ರಲ್ಲಿ ಹೆಚ್ಚುವರಿಯಾಗಿ ಕೊಡಬೇಕಾಗಿದ್ದದ್ದು 437 ಡಾಲರ್ 10 ಸೆಂಟ್, ತಯಾರಾದದ್ದು 3,754 ಕಾರುಗಳು. ಇಂದು ಸಾಧಾರಣ ಎಂಜಿನ್‌ನ ಕಾರಿಗೂ ಇದಕ್ಕೂ ನಡುವಿನ ಬೆಲೆಯ ಅಂತರ ಸುಳ್ಳು ಹೇಳಲು ಸಾಕಾಗುವಷ್ಟು ದೊಡ್ಡದು.

ಹಾಗಾದರೆ ನೋಡುವುದು ಹೇಗೆ? ಕಾರ್ಖಾನೆಯಲ್ಲಿ ಬ್ಲಾಕಿನ ಮೇಲ್ಮೈಯನ್ನು ಬ್ರೋಚ್ ಯಂತ್ರದಿಂದ ಹೆರೆದಾಗ ಹಿಂದಿನಿಂದ ಮುಂದಕ್ಕೆ ಸಾಗುವ, ಒಂದಕ್ಕೊಂದು ಸಮಾನಾಂತರವಾದ ಸೂಕ್ಷ್ಮ ಗೆರೆಗಳು ಮೂಡುತ್ತಿದ್ದವು. ಮುದ್ರೆಯ ಕೆಳಗೆ ಆ ಗೆರೆಗಳು ಉಳಿದಿರಬೇಕು. ಮೇಲ್ಮೈ ಕನ್ನಡಿಯಂತೆ ನುಣುಪಾಗಿದ್ದರೆ, ಗೆರೆಗಳು ವರ್ತುಲಾಕಾರದಲ್ಲಿದ್ದರೆ ಅಥವಾ ಅಡ್ಡ ಉಜ್ಜಿದ ಗುರುತಿದ್ದರೆ ಅನುಮಾನಿಸಿ. ಎರಡು ಮುದ್ರೆಗಳೂ ಒಂದೇ ಗಾತ್ರದ, ಒಂದೇ ಆಳದ ಅಕ್ಷರಗಳಲ್ಲಿ, ಒಂದೇ ಸಾಲಿನಲ್ಲಿ ಅಚ್ಚುಕಟ್ಟಾಗಿ ನಿಂತಿದ್ದರೆ ಇನ್ನೂ ಹೆಚ್ಚು ಅನುಮಾನಿಸಿ. ಎರಡು ಊರಿನಲ್ಲಿ ಗುದ್ದಿದ ಮುದ್ರೆಗಳು ಹಾಗೆ ಕಾಣುವುದು ಸಹಜವಲ್ಲ. ಬ್ಲಾಕಿನ ಎರಕದ ದಿನಾಂಕವನ್ನು ಹುಡುಕಿ ಓದಿ: ‘ಬಿ 8 7’ ಎಂದರೆ 1967ರ ಫೆಬ್ರವರಿ 8. ಎರಕ ಮೊದಲು, ಎಂಜಿನ್ ಜೋಡಣೆ ಅನಂತರ, ಕಾರಿನ ಜೋಡಣೆ ಕೊನೆಗೆ. ಈ ಕ್ರಮ ತಪ್ಪಿದ್ದರೆ ವಾದ ಅಲ್ಲಿಗೇ ಮುಗಿಯಿತು. 1967ರ ಮಾದರಿಯ ತಯಾರಿಕೆ 1966ರಲ್ಲೇ ಶುರುವಾಗಿದ್ದರಿಂದ ಎರಕದ ದಿನಾಂಕದ ಕೊನೆಗೆ 6 ಇದ್ದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಈ ಪರೀಕ್ಷೆಯನ್ನು ಮೊಬೈಲ್ ಚಿತ್ರದ ಮೇಲೆ ಮಾಡಲಾಗದು. ಕಾರಿನ ಬಳಿ ಹೋಗಿ, ಬೆಳಕನ್ನು ಓರೆಯಾಗಿ ಬಿಟ್ಟು ನೋಡಬೇಕು, ಇಲ್ಲವೇ ನೋಡಬಲ್ಲವರನ್ನು ಹಣ ಕೊಟ್ಟು ಕಳಿಸಬೇಕು.

ಇಷ್ಟು ಹೇಳಿದ ಮೇಲೆ ತಪ್ಪದೆ ಬರುವ ಮರುಪ್ರಶ್ನೆ: ‘ಈ ಕಾರಿಗೆ ನ್ಯಾಷನಲ್ ಕಾರ್ವೆಟ್ ರಿಸ್ಟೋರರ್ಸ್ ಸೊಸೈಟಿಯ ಟಾಪ್ ಫ್ಲೈಟ್ ಪ್ರಶಸ್ತಿ ಬಂದಿದೆಯಲ್ಲ, ಅದು ಪುರಾವೆಯಲ್ಲವೇ?’ 1974ರಲ್ಲಿ ಹುಟ್ಟಿದ ಆ ಸಂಸ್ಥೆಯ ತೀರ್ಪುಗಾರರ ಬಗ್ಗೆ ನನಗೆ ಅಪಾರ ಗೌರವವಿದೆ, ಮತ್ತು 100ಕ್ಕೆ 94 ಅಂಕ ದಾಟಿ ಆ ಪ್ರಶಸ್ತಿ ಪಡೆಯುವುದು ಸುಲಭವಲ್ಲ. ಆದರೆ ಅವರು ಅಳೆಯುವುದು ಕಾರು ಕಾರ್ಖಾನೆಯಿಂದ ಹೊರಬಂದಾಗ ಇದ್ದಂತೆ ಕಾಣುತ್ತದೆಯೇ ಎಂಬುದನ್ನು. ಇದೇ ಎಂಜಿನ್ ಇದೇ ಕಾರಿನೊಂದಿಗೆ ಬಂದಿತ್ತು ಎಂಬ ಪ್ರಮಾಣಪತ್ರ ಅದಲ್ಲ. ಪ್ರಶಸ್ತಿ ಹೇಳದ ಮಾತನ್ನು ಅದರ ಬಾಯಿಂದ ಹೇಳಿಸುವುದು ಆ ತೀರ್ಪುಗಾರರ ಶ್ರಮಕ್ಕೂ ಅನ್ಯಾಯ.

ಕಂಪನಿಯನ್ನೇ ಕೇಳಬಹುದಲ್ಲ ಎನ್ನುವಿರಾದರೆ, ಅಲ್ಲಿ ಕಾರ್ವೆಟ್ ಪ್ರಿಯರ ದುರದೃಷ್ಟವಿದೆ. ಫೋರ್ಡ್‌ನ 1967ರಿಂದಾಚೆಯ ಕಾರುಗಳಿಗೆ ಕಾರ್ಖಾನೆಯ ದಾಖಲೆ ಆಧರಿಸಿದ ಮಾರ್ಟಿ ವರದಿ ಸಿಗುತ್ತದೆ, ಪಾಂಟಿಯಾಕ್‌ಗಳಿಗೂ ಅಂಥ ದಾಖಲೆ ಉಳಿದಿದೆ. ಸೇಂಟ್ ಲೂಯಿಸ್‌ನಲ್ಲಿ ತಯಾರಾದ ಈ ಕಾಲದ ಕಾರ್ವೆಟ್‌ಗಳಿಗೆ ಯಾವ ಕಾರಿಗೆ ಯಾವ ಎಂಜಿನ್ ಹೋಯಿತು ಎಂದು ಕೇಳಿ ಪಡೆಯಬಹುದಾದ ಹಾಗಿನ ಪಟ್ಟಿ ಇಲ್ಲ. ಉಳಿಯುವುದು ಕಾಗದಪತ್ರಗಳು: 1967ರ ಮಾದರಿಯಿಂದ ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಟಿಸುತ್ತಿದ್ದ ತಯಾರಿಕಾ ಹಾಳೆ, ವಾರಂಟಿ ಪುಸ್ತಕದೊಂದಿಗೆ ಬರುತ್ತಿದ್ದ ಪ್ರೊಟೆಕ್ಟ್-ಓ-ಪ್ಲೇಟ್ ಎಂಬ ಸಣ್ಣ ಲೋಹದ ಫಲಕ, ಷೋರೂಮಿನಲ್ಲಿ ಕಿಟಕಿಗೆ ಅಂಟಿಸಿದ್ದ ಬೆಲೆಪಟ್ಟಿ, ಹಳೆಯ ಮಾಲೀಕರ ಬಿಲ್ಲುಗಳು. ಇವುಗಳ ನಕಲೂ ಮಾರುಕಟ್ಟೆಯಲ್ಲಿವೆ. ಆದ್ದರಿಂದ ಒಂದೇ ಕಾಗದ ಸಾಲದು. ನಮ್ಮಲ್ಲಿ ಜಮೀನು ಕೊಳ್ಳುವಾಗ ಪಹಣಿಯೊಂದನ್ನೇ ನೋಡದೆ ಮೂಲಪತ್ರದಿಂದ ಇಂದಿನವರೆಗಿನ ಕ್ರಯಪತ್ರಗಳ ಸರಪಳಿಯನ್ನು ಕೇಳುವಂತೆ, ಇಲ್ಲಿಯೂ ಮೊದಲ ಮಾಲೀಕನಿಂದ ಇಂದಿನ ಮಾಲೀಕನವರೆಗಿನ ಕೊಂಡಿಗಳನ್ನು ಕೇಳಬೇಕು. ರಿಸ್ಟೋರ್ ಮಾಡುವ ಮುನ್ನ ತೆಗೆದ ಎಂಜಿನ್ ಮುದ್ರೆಯ ಹಳೆಯ ಚಿತ್ರವಿದ್ದರೆ ಅದು ಎಷ್ಟೋ ಕಾಗದಗಳಿಗಿಂತ ಮೇಲು.

ಎಂಜಿನ್ ಮೂಲದ್ದಲ್ಲದಿದ್ದರೆ ಕಾರು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಈ ಕಾರುಗಳನ್ನು ಕೊಂಡವರು ರೇಸಿಗೆ ಇಳಿಸಿ ಎಂಜಿನ್ ಒಡೆದುಕೊಂಡರು, ಡೀಲರ್‌ಗಳು ವಾರಂಟಿಯಲ್ಲಿ ಬ್ಲಾಕ್ ಬದಲಿಸಿಕೊಟ್ಟರು. ಅದೇ ಬಗೆಯ, ಅದೇ ಕಾಲದ ಬೇರೆ ಬ್ಲಾಕ್ ಇರುವ ಕಾರು ರಸ್ತೆಯಲ್ಲಿ ಅಷ್ಟೇ ಚೆನ್ನಾಗಿ ಓಡುತ್ತದೆ, ಬೆಲೆಯೂ ಗಮನಾರ್ಹವಾಗಿ ಕಡಿಮೆ. ಓಡಿಸುವ ಆಸೆಯಿಂದ ಕೊಳ್ಳುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಪುರಾವೆಯಿರುವಷ್ಟಕ್ಕೆ ಬೆಲೆ ಕಟ್ಟಿ, ಪುರಾವೆಯಿಲ್ಲದ್ದನ್ನು ಬೇರೆ ಎಂಜಿನ್ ಎಂದೇ ಲೆಕ್ಕ ಹಾಕಿ.

ನೀವು ಕೇಳದಿದ್ದರೂ ಇಲ್ಲಿ ಇನ್ನೊಂದನ್ನು ಹೇಳಲೇಬೇಕು, ಏಕೆಂದರೆ ಎಂಜಿನ್ ಸಂಖ್ಯೆಯ ಚಿಂತೆಯಲ್ಲಿ ಎಲ್ಲರೂ ಇದನ್ನು ಮರೆಯುತ್ತಾರೆ. ಕಾರ್ವೆಟ್‌ನ ದೇಹ ಫೈಬರ್‌ಗ್ಲಾಸ್‌ನದು, ಹಾಗಾಗಿ ತುಕ್ಕಿನ ಭಯವಿಲ್ಲ ಎಂಬ ನೆಮ್ಮದಿ ಸರಿಯಲ್ಲ. ಫೈಬರ್‌ಗ್ಲಾಸ್‌ನ ಕೆಳಗಿರುವ ಚಾಸಿ ಉಕ್ಕಿನದು. ಮುಂಗಾಜು ಮತ್ತು ಬಾಗಿಲುಗಳ ಸುತ್ತ ದೇಹವನ್ನು ಹಿಡಿದು ನಿಲ್ಲಿಸಿರುವ, ‘ಬರ್ಡ್‌ಕೇಜ್’ ಎಂದು ಕರೆಯುವ ಒಳಗೂಡೂ ಉಕ್ಕಿನದೇ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ರಾಜ್ಯಗಳಲ್ಲಿ ಓಡಿದ ಕಾರಾದರೆ ಹಿಂಚಕ್ರಗಳ ಮುಂದೆ ಚಾಸಿ ಮೇಲಕ್ಕೆ ಬಾಗುವಲ್ಲಿ ಒಳಗಿನಿಂದಲೇ ತುಕ್ಕು ತಿಂದಿರುತ್ತದೆ. ಮುಂಗಾಜಿನ ಅಂಚಿನಿಂದ ಇಳಿದ ನೀರು ಒಳಗೂಡಿನ ಕಂಬಗಳ ಬುಡದಲ್ಲಿ ನಿಂತು ಅವನ್ನು ಕೊರೆಯುತ್ತದೆ. ಚಾಸಿಯನ್ನಾದರೂ ಬದಲಿಸಬಹುದು, ಒಳಗೂಡಿನ ದುರಸ್ತಿಗೆ ಅಂಟಿಸಿದ ಹೊರಮೈಯನ್ನೇ ಕಿತ್ತು ತೆಗೆಯಬೇಕಾಗುತ್ತದೆ, ಅದರ ಖರ್ಚು ಎಂಜಿನ್ ದುರಸ್ತಿಯ ಖರ್ಚನ್ನು ಮೀರಬಹುದು. ಹೊಳೆಯುವ ಹೊಸ ಬಣ್ಣ ಇದಾವುದನ್ನೂ ತೋರಿಸುವುದಿಲ್ಲ.

ಆದ್ದರಿಂದ ಮಾರುವವರನ್ನು ಮೊದಲು ಕೇಳಬೇಕಾದದ್ದು ದೇಹವನ್ನು ಚಾಸಿಯಿಂದ ಬೇರ್ಪಡಿಸಿ ಕೆಲಸ ಮಾಡಿದ್ದಾರೆಯೇ, ಹಾಗಿದ್ದರೆ ಆಗ ತೆಗೆದ ಚಿತ್ರಗಳು ಎಲ್ಲಿವೆ ಎಂದು. ಅನಂತರ ಕಾರನ್ನು ಲಿಫ್ಟ್ ಮೇಲೆ ಏರಿಸಿ ಆ ಬಾಗುವ ಜಾಗವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ, ಒಳಗಿನ ಕಾರ್ಪೆಟ್ ಎತ್ತಿಸಿ ಕಂಬಗಳ ಬುಡಕ್ಕೆ ಟಾರ್ಚ್ ಬಿಡಿ, ಚಕ್ರದ ಗೂಡಿನ ಒಳಗಿನಿಂದ ಫೈಬರ್‌ಗ್ಲಾಸ್‌ನ ಹಿಂಬದಿಯನ್ನೂ ನೋಡಿ. ಕಾರ್ಖಾನೆಯಲ್ಲಿ ಅಚ್ಚಿನಲ್ಲಿ ಒತ್ತಿ ತಯಾರಿಸಿದ ಹೊರಮೈ ಎರಡೂ ಕಡೆ ನುಣುಪಾಗಿರುತ್ತದೆ ಮತ್ತು ತುಂಡುಗಳು ಸೇರುವಲ್ಲಿ ಅಂಟುಪಟ್ಟಿಗಳು ಕಾಣುತ್ತವೆ, ಅಪಘಾತದ ನಂತರ ಕೈಯಿಂದ ಹಾಕಿದ ತುಂಡಾದರೆ ಹಿಂಬದಿ ಒರಟಾಗಿರುತ್ತದೆ. ಇದಕ್ಕೆ ಒಪ್ಪದ ಮಾರಾಟಗಾರರೊಂದಿಗೆ ಎಂಜಿನ್ ಸಂಖ್ಯೆಯ ಚರ್ಚೆಯನ್ನು ಆರಂಭಿಸುವ ಅಗತ್ಯವೇ ಇಲ್ಲ.