ಒಂದು ಕಿಲೋಮೀಟರ್ ಯಾರ ಹೊಣೆ?

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಬಾಗಿಲಲ್ಲಿ ಈ ಪ್ರಶ್ನೆ ಹಿಡಿದುಕೊಂಡು ನಿಲ್ಲುವವರು ಹೆಚ್ಚು: "ಸಾರ್, ನಮ್ಮೂರಲ್ಲೇ ಸರ್ಕಾರಿ ಶಾಲೆ ಐತೆ. ಆದ್ರೂ ಮಗೂನ ಹೋಬಳಿ ಶಾಲೆಗೆ ಸೇರಿಸ್ಬೇಕು ಅಂತಿದೀವಿ. ಹೆಡ್‌ಮಾಸ್ಟರು ನಿಮ್ಮೂರು ನಮ್ಮ ವ್ಯಾಪ್ತಿಗೆ ಬರಲ್ಲ ಅಂತಾರೆ. ಏನ್ ಮಾಡೋದು?"

ಉತ್ತರ ಸರಳ. ಸೇರಿಸಬಹುದು. ಊರಿನ ಹೆಸರು ನೋಡಿ ಮಗುವನ್ನು ವಾಪಸ್ ಕಳಿಸಿ ಎಂದು ಶಿಕ್ಷಣ ಹಕ್ಕು ಕಾಯ್ದೆ ಎಲ್ಲೂ ಹೇಳಿಲ್ಲ. ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಯಾವುದೇ ಕಾರಣಕ್ಕೆ ಶಾಲೆ ಬದಲಿಸಬೇಕಾಗಿ ಬಂದ ಮಗುವಿಗೆ ಇನ್ನೊಂದು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಕೇಳುವ ಹಕ್ಕಿದೆ. ಮುಖ್ಯ ಶಿಕ್ಷಕರು ಟಿಸಿಯನ್ನು ಕೂಡಲೇ ಕೊಡಬೇಕು. ಟಿಸಿ ತಡವಾಯಿತು ಎಂಬ ಕಾರಣಕ್ಕೆ ಹೊಸ ಶಾಲೆ ದಾಖಲಾತಿಯನ್ನು ತಡೆಹಿಡಿಯುವಂತಿಲ್ಲ. ಜನನ ಪ್ರಮಾಣಪತ್ರ ಇಲ್ಲ ಎಂದೂ ನಿರಾಕರಿಸುವಂತಿಲ್ಲ. ಕೊಠಡಿ ನಿಜಕ್ಕೂ ತುಂಬಿದ್ದರೆ ಆ ಊರಿನ ಮಕ್ಕಳಿಗೆ ಮೊದಲ ಜಾಗ ಸಿಗುವುದು ನ್ಯಾಯವೇ. ಆದರೆ ಅದು ಬೇರೆ ಮಾತು.

ಹಾಗಾದರೆ ಎಲ್ಲರ ಬಾಯಲ್ಲೂ ಇರುವ ಆ "ಒಂದು ಕಿಲೋಮೀಟರ್, ಮೂರು ಕಿಲೋಮೀಟರ್" ಏನು? ಇಲ್ಲಿ ದೊಡ್ಡ ಗೊಂದಲವಿದೆ. ಅಮೆರಿಕದಲ್ಲಿರುವ ನೆಂಟರು ಮನೆಯ ವಿಳಾಸದ ಮೇಲೆ ಶಾಲೆ ನಿಗದಿಯಾಗುತ್ತದೆ ಎಂದು ಹೇಳಿದ್ದನ್ನು ಕೇಳಿ, ನಮ್ಮಲ್ಲೂ ಅಂಥದ್ದೇ ಗೆರೆ ಇದೆ ಎಂದುಕೊಂಡವರನ್ನು ನಾನು ಕಂಡಿದ್ದೇನೆ. ನಮ್ಮ ಕಾನೂನಿನಲ್ಲಿ ಆ ಗೆರೆ ಬಿದ್ದಿರುವುದು ಸರ್ಕಾರದ ಮೇಲೆ. 1ರಿಂದ 5ನೇ ತರಗತಿಯ ಮಗುವಿಗೆ ನಡೆದು ಹೋಗಬಹುದಾದ 1 ಕಿ.ಮೀ. ಒಳಗೆ, 6ರಿಂದ 8ನೇ ತರಗತಿಯ ಮಗುವಿಗೆ 3 ಕಿ.ಮೀ. ಒಳಗೆ ಶಾಲೆ ಒದಗಿಸಬೇಕಾದ್ದು ಸರ್ಕಾರದ ಕರ್ತವ್ಯ. 2010ರ ಏಪ್ರಿಲ್ 1ಕ್ಕೆ ಕಾಯ್ದೆ ಜಾರಿಗೆ ಬಂತು. ನೆರೆಹೊರೆಯಲ್ಲಿ ಶಾಲೆ ಇಲ್ಲದ ಕಡೆ ಮೂರು ವರ್ಷದೊಳಗೆ ತೆರೆಯಬೇಕು ಎಂದು ಗಡುವನ್ನೂ ಹಾಕಿತ್ತು. ಅಷ್ಟು ಹತ್ತಿರ ಶಾಲೆ ಕೊಡಲಾಗದಿದ್ದರೆ ಮಗುವನ್ನು ಶಾಲೆಗೆ ಮುಟ್ಟಿಸುವ ವ್ಯವಸ್ಥೆಯನ್ನಾದರೂ ಮಾಡಬೇಕು. ಆ ಒಂದು ಕಿಲೋಮೀಟರ್ ದಾಟಿ ಹೋಗಬಾರದು ಎಂಬ ಕಟ್ಟು ಅಪ್ಪ ಅಮ್ಮನಿಗಿಲ್ಲ.

ಇನ್ನು ಆ ಕಿಲೋಮೀಟರನ್ನು ಅಳೆಯುವುದು ಹೇಗೆ? ನನ್ನ ವೃತ್ತಿಯಲ್ಲಿ ಹೆಚ್ಚು ಜಗಳ ಆಗಿದ್ದು ಇದೇ ವಿಷಯಕ್ಕೆ. ನಕ್ಷೆಯ ಮೇಲೆ ಶಾಲೆಯ ಜಿಪಿಎಸ್ ಬಿಂದು ಇರುತ್ತದೆ, ಜನವಸತಿಯ ಬಿಂದು ಇರುತ್ತದೆ, ಎರಡರ ನಡುವೆ ನೇರ ಗೆರೆ ಎಳೆದರೆ 800 ಮೀಟರ್ ಬರುತ್ತದೆ. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ. ಆದರೆ ಮಲೆನಾಡಿನಲ್ಲಿ ಆ 800 ಮೀಟರಿನ ನಡುವೆ ಒಂದು ಹಳ್ಳ ಇರುತ್ತದೆ. ಬೇಸಿಗೆಯಲ್ಲಿ ಮಕ್ಕಳು ಅದನ್ನು ದಾಟಿ ಹೋಗುತ್ತಾರೆ. ಮಳೆಗಾಲದಲ್ಲಿ ಅಡಿಕೆ ಮರದ ಕಾಲುಸಂಕವೇ ಗತಿ. ಅದೂ ಕೊಚ್ಚಿಹೋದರೆ ಮುಖ್ಯರಸ್ತೆಯ ಸೇತುವೆ ಬಳಸಿ ನಾಲ್ಕು ಕಿಲೋಮೀಟರ್ ಸುತ್ತಬೇಕು. ಬಯಲುಸೀಮೆಯಲ್ಲಿ ಹಳ್ಳದ ಜಾಗದಲ್ಲಿ ನಾಲ್ಕು ಪಥದ ಹೆದ್ದಾರಿಯೋ ರೈಲು ಹಳಿಯೋ ಇರುತ್ತದೆ. ಆರು ವರ್ಷದ ಮಗು ಅದನ್ನು ಒಬ್ಬಂಟಿಯಾಗಿ ದಾಟುವುದು ಯಾವ ತಾಯಿಗೂ ಒಪ್ಪಿಗೆಯಾಗದು. ಪ್ರವಾಹ, ಭೂಕುಸಿತ, ರಸ್ತೆ ಇಲ್ಲದಿರುವುದು, ಇಂಥ ಅಪಾಯಗಳನ್ನು ಲೆಕ್ಕಕ್ಕೆ ತೆಗೆದುಕೊಂಡೇ ಶಾಲೆಯ ಜಾಗ ಗೊತ್ತು ಮಾಡಬೇಕೆಂದು 2010ರ ಕೇಂದ್ರದ ಮಾದರಿ ನಿಯಮಗಳೇ ಹೇಳಿವೆ. ಹಾಗಾಗಿ ಊರೂರಿನ ಶಾಲೆಗಳ ಉಸ್ತುವಾರಿ ನೋಡುವ ನನ್ನ ಸಿಆರ್‌ಪಿಗಳಿಗೆ ಒಂದು ಮಾತು ಹೇಳುತ್ತಿದ್ದೆ: ದೂರವನ್ನು ಜುಲೈ ತಿಂಗಳಲ್ಲಿ ಅಳೆಯಿರಿ, ಮಗುವಿನ ಜೊತೆ ನಡೆದು ಅಳೆಯಿರಿ.

ಅಳತೆಗೆ ಸಿಗದ ಮತ್ತೊಂದು ವಿಷಯ ಮಜರೆ ಗ್ರಾಮಗಳದ್ದು. ಕಂದಾಯ ಗ್ರಾಮ ಒಂದೇ, ಅದರಡಿ ಮಜರೆಗಳು, ತಾಂಡಾಗಳು, ತೋಟದ ಮನೆಗಳು ಹತ್ತಾರು. ಕಡತದಲ್ಲಿ "ಗ್ರಾಮದಲ್ಲಿ ಶಾಲೆ ಇದೆ" ಎಂದು ಬರೆದರೆ ಅದು ಮೂಲ ಊರಿನ ಮಟ್ಟಿಗೆ ನಿಜ; ತಾಂಡಾದ ಮಗುವಿನ ಮಟ್ಟಿಗೆ ಸುಳ್ಳಾಗಿರಬಹುದು. ಊರೊಳಗಿನ ಶಾಲೆಗೆ ಹೋಗಲು ಮಗು ಯಾವ ಕೇರಿ ದಾಟಬೇಕು, ಅಲ್ಲಿ ಅದನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದೂ ದೂರದ ಲೆಕ್ಕದಲ್ಲಿ ಸೇರಿದೆ. ಈ ಮಾತನ್ನು ಕಡತದಲ್ಲಿ ಯಾರೂ ಬರೆಯುವುದಿಲ್ಲ. ಊರಿನ ಶಾಲೆ ಬಿಟ್ಟು ಮೂರು ಮೈಲಿ ಆಚೆಯ ಶಾಲೆಗೆ ಮಗುವನ್ನು ಕಳಿಸುವ ಕೆಲವು ಪೋಷಕರ ನಿಜವಾದ ಕಾರಣ ಇದೇ ಆಗಿರುತ್ತದೆ.

ಕಂದಾಯ ಗ್ರಾಮದ ಗೆರೆ ಪೋಷಕರ ಆಯ್ಕೆಯನ್ನು ನೇರವಾಗಿ ಕತ್ತರಿಸಿದ್ದು ಒಂದು ಕಡೆ: ಖಾಸಗಿ ಶಾಲೆಗಳಲ್ಲಿ ದುರ್ಬಲ ವರ್ಗದ ಮಕ್ಕಳಿಗೆ ಉಚಿತವಾಗಿ ಮೀಸಲಿಟ್ಟ ಶೇ. 25 ಸೀಟುಗಳ ವಿಷಯದಲ್ಲಿ. ಕರ್ನಾಟಕದಲ್ಲಿ ಈ ಸೀಟುಗಳಿಗೆ ನಗರದಲ್ಲಿ ವಾರ್ಡು, ಹಳ್ಳಿಯಲ್ಲಿ ಕಂದಾಯ ಗ್ರಾಮವನ್ನು ನೆರೆಹೊರೆ ಎಂದು ಹಿಡಿಯಲಾಯಿತು. 2019ರ ಜನವರಿಯಲ್ಲಿ ರಾಜ್ಯದ ನಿಯಮ ತಿದ್ದುಪಡಿಯಾಗಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಅನುದಾನರಹಿತ ಶಾಲೆಯನ್ನು ಈ ಸೀಟುಗಳಿಗೆ ಗುರುತಿಸುವಂತಿಲ್ಲ ಎಂದಾಯಿತು. ಅದೇ ವರ್ಷ ಮೇ 31ರಂದು ಹೈಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹಳ್ಳಿಯಲ್ಲಿ ಇದರ ಪರಿಣಾಮ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಖಾಸಗಿ ಶಾಲೆ ಇರುವಷ್ಟು ದೊಡ್ಡ ಊರಿನಲ್ಲಿ ಸರ್ಕಾರಿ ಶಾಲೆ ಇದ್ದೇ ಇರುತ್ತದೆ. ಸರ್ಕಾರಿ ಶಾಲೆ ಉಳಿಯಬೇಕು ಎಂಬ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಆದರೆ ಶುಲ್ಕ ಕಟ್ಟುವ ಶಕ್ತಿ ಇದ್ದವರು ಆ ನಂತರವೂ ಹೋದರು. ಇಲ್ಲದವರು ಮಾತ್ರ ಉಳಿದರು.

ಉಳಿದವರ ಶಾಲೆಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕಾಯ್ದೆಯ ಅನುಸೂಚಿಯಲ್ಲಿ 1ರಿಂದ 5ನೇ ತರಗತಿಗೆ ಲೆಕ್ಕ ಹೀಗಿದೆ: 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಈಗ 63 ಮಕ್ಕಳಿರುವ ಶಾಲೆಯನ್ನು ಊಹಿಸಿಕೊಳ್ಳಿ. ಜೂನ್‌ನಲ್ಲಿ ಎರಡು ಮನೆಯವರು ತಮ್ಮ ನಾಲ್ಕು ಮಕ್ಕಳನ್ನು ವ್ಯಾನು ಹತ್ತಿಸುತ್ತಾರೆ. ಸಂಖ್ಯೆ 59 ಆಯಿತು. ಹಾಜರಾತಿ ಪುಸ್ತಕದಲ್ಲಿ ನಾಲ್ಕು ಹೆಸರು ಕಡಿಮೆಯಾದರೆ ಶಾಲೆ ಒಬ್ಬ ಶಿಕ್ಷಕರನ್ನು ಕಳೆದುಕೊಳ್ಳುತ್ತದೆ. "ಹೆಚ್ಚುವರಿ" ಎಂಬ ಪಟ್ಟಿಯಲ್ಲಿ ಅವರ ಹೆಸರು ಬರುತ್ತದೆ, ಮರುಹೊಂದಾಣಿಕೆಯಲ್ಲಿ ಬೇರೆ ಊರಿಗೆ ಹೋಗುತ್ತಾರೆ. ಉಳಿದ ಇಬ್ಬರಲ್ಲಿ ಒಬ್ಬರು ಮುಖ್ಯ ಶಿಕ್ಷಕರ ಪ್ರಭಾರ ಹೊತ್ತವರು. ಬಿಸಿಯೂಟದ ಲೆಕ್ಕ, ಮಕ್ಕಳ ವಿವರದ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್ ನಮೂದು, ತಿಂಗಳ ಸಭೆ, ಸಮೀಕ್ಷೆ ಎಲ್ಲ ಅವರ ತಲೆಯ ಮೇಲೆ. ಅವರು ತಾಲ್ಲೂಕಿಗೆ ಹೋದ ದಿನ ಐದು ತರಗತಿಗೆ ಒಬ್ಬರೇ ಶಿಕ್ಷಕಿ. ಇದನ್ನು ನೋಡಿದ ಮೂರನೇ ಮನೆಯವರು ಮುಂದಿನ ಜೂನ್‌ನಲ್ಲಿ ಏನು ಮಾಡುತ್ತಾರೆ?

ಅವರನ್ನು ಬಯ್ಯುವವರ ಜೊತೆ ನಾನು ಸೇರುವುದಿಲ್ಲ. "ನಮ್ಮೂರ ಶಾಲೆ ಮೇಲೆ ಅಭಿಮಾನ ಇಲ್ಲ" ಎಂದು ಗ್ರಾಮಸಭೆಯಲ್ಲಿ ಮಾತಾಡುವವರಲ್ಲಿ ಎಷ್ಟೋ ಜನರ ಮಕ್ಕಳು ಪೇಟೆಯಲ್ಲಿ ಓದುತ್ತಿರುತ್ತಾರೆ. ಕೂಲಿ ಮಾಡಿ ಕೂಡಿಟ್ಟ ಹಣವನ್ನು ವ್ಯಾನಿನ ಬಾಡಿಗೆಗೆ ಕೊಡುವ ತಾಯಿ ತನ್ನ ಮಗುವಿಗೆ ಒಬ್ಬ ಶಿಕ್ಷಕಿಯ ಪೂರ್ತಿ ಗಮನ ಸಿಗಲಿ ಎಂದು ಬಯಸುತ್ತಾಳೆ. ಅದರಲ್ಲಿ ತಪ್ಪೇನಿದೆ?

ಆಯ್ಕೆ ನಡೆಯುವ ವಯಸ್ಸನ್ನೂ ಗಮನಿಸಬೇಕು. ಒಂದನೇ ತರಗತಿಗೆ ಆರು ವರ್ಷ ತುಂಬಬೇಕು. ಸರ್ಕಾರಿ ಶಾಲೆ ದಾಖಲಾತಿ ಆಂದೋಲನಕ್ಕೆ ತಮಟೆ ಬಾರಿಸಿಕೊಂಡು ಬರುವ ಹೊತ್ತಿಗೆ ಆ ಮಗು ಎಲ್‌ಕೆಜಿ, ಯುಕೆಜಿ ಮುಗಿಸಿ ಪೇಟೆಯ ಶಾಲೆಯ ಟೈ ಕಟ್ಟಿಕೊಂಡಾಗಿರುತ್ತದೆ. ಮೂರೂವರೆ ವರ್ಷಕ್ಕೆ ವ್ಯಾನು ಹತ್ತಿದ ಮಗು ಆರಕ್ಕೆ ಇಳಿಯುವುದು ಅಪರೂಪ. ಇಂಗ್ಲಿಷ್ ಮಾಧ್ಯಮದ ಆಸೆ ಒಂದೇ ಕಾರಣ ಎಂದುಕೊಂಡು 2019ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಗೆ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು. ನಾನು ಕಂಡಂತೆ, ಕೆಳಗೆ ಎರಡು ವರ್ಷದ ಪೂರ್ವ ಪ್ರಾಥಮಿಕವೂ ಇದ್ದ ಕಡೆ ಮಕ್ಕಳು ನಿಂತರು. ಬರೀ ಬೋರ್ಡು ಬದಲಾದ ಕಡೆ ಅಷ್ಟಾಗಿ ನಿಲ್ಲಲಿಲ್ಲ.

ಈಗ ಜಿಲ್ಲೆ ಜಿಲ್ಲೆಯಲ್ಲೂ ನಡೆಯುತ್ತಿರುವ ಚರ್ಚೆ ವಿಲೀನದ್ದು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳಿಗೆ ಸುತ್ತಲಿನ ಸಣ್ಣ ಶಾಲೆಗಳನ್ನು ಸೇರಿಸಬೇಕೇ? ಪರವಾಗಿ ಮಾತಾಡುವವರು ತರಗತಿಗೊಬ್ಬ ಶಿಕ್ಷಕ, ಪ್ರಯೋಗಾಲಯ, ಆಟದ ಮೈದಾನ ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಹನ್ನೆರಡು ಮಕ್ಕಳ ಶಾಲೆಯಲ್ಲಿ ಎದುರುಬದುರು ಎರಡು ಕಬಡ್ಡಿ ತಂಡ ಕಟ್ಟಲೂ ಆಗದು. ವಿರೋಧಿಸುವವರು ಊರಿನ ಶಾಲೆಗೆ ಒಮ್ಮೆ ಬೀಗ ಬಿದ್ದರೆ ಅದು ಮತ್ತೆ ತೆರೆಯುವುದಿಲ್ಲ ಎನ್ನುತ್ತಾರೆ. ಅದೂ ನಿಜ.

ನನ್ನ ಅಭಿಪ್ರಾಯ ಸ್ಪಷ್ಟ. 1ರಿಂದ 5ನೇ ತರಗತಿಯನ್ನು ಊರಿನಿಂದ ಕದಲಿಸಬೇಡಿ, ಮಕ್ಕಳು ಹತ್ತೇ ಇದ್ದರೂ. ಆ ವಯಸ್ಸಿನ ಮಗು ಕೆಮ್ಮಿದರೂ ಅಮ್ಮ ಹೊಲದಿಂದ ಓಡಿಬರುವಷ್ಟು ಹತ್ತಿರ ಇರಬೇಕು. ಅಣ್ಣನೋ ಅಕ್ಕನೋ ಕೈ ಹಿಡಿದು ಕರೆದುಕೊಂಡು ಹೋಗುವಂತಿರಬೇಕು. ಅಲ್ಲಿ ಮಕ್ಕಳ ಸಂಖ್ಯೆ ಎಷ್ಟೇ ಇರಲಿ, ಅನುಸೂಚಿ ಹೇಳುವ ಇಬ್ಬರು ಶಿಕ್ಷಕರಾದರೂ ತಪ್ಪದೆ ಇರಬೇಕು. 6ನೇ ತರಗತಿಯಿಂದ ಮೇಲೆ ಮಾತ್ರ ಒಟ್ಟುಗೂಡಿಸುವ ಯೋಚನೆ ಮಾಡಬಹುದು. ಆ ಹಂತದಲ್ಲಿ ಗಣಿತ ವಿಜ್ಞಾನಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗೆ ಒಬ್ಬರು ಬೇಕೆಂದು ಕಾಯ್ದೆಯೇ ಹೇಳುತ್ತದೆ. ಸಣ್ಣ ಶಾಲೆಗೆ ಅಷ್ಟು ಜನರನ್ನು ಕೊಡುವುದು ಕಷ್ಟ. ಆದರೆ ಒಂದು ಷರತ್ತು: ಬೀಗ ಹಾಕುವ ಮೊದಲು ವಾಹನ ಓಡಬೇಕು. ಕನಿಷ್ಠ ಒಂದು ಪೂರ್ತಿ ವರ್ಷ, ಒಂದು ಮಳೆಗಾಲ ದಾಟಿ ಓಡಬೇಕು. "ವಾಹನ ವ್ಯವಸ್ಥೆ ಮಾಡಲಾಗುವುದು" ಎಂಬ ಆದೇಶದ ಸಾಲನ್ನು ನಂಬಿ, ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿಯಾದ ಯಾವ ಎಸ್‌ಡಿಎಂಸಿಯೂ ಒಪ್ಪಿಗೆಯ ನಡಾವಳಿಗೆ ಸಹಿ ಹಾಕಬಾರದು.

ವಾಹನದ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಹೆಣ್ಣುಮಕ್ಕಳು. ನಮ್ಮ ಬಹುಪಾಲು ಹಿರಿಯ ಪ್ರಾಥಮಿಕ ಶಾಲೆಗಳು 7ನೇ ತರಗತಿಗೆ ಮುಗಿಯುತ್ತವೆ. ಎಂಟಕ್ಕೆ ಪ್ರೌಢಶಾಲೆ ಹುಡುಕಬೇಕು, ಅದು ಸಾಮಾನ್ಯವಾಗಿ ಬೇರೆ ಊರಿನಲ್ಲಿ. ಹದಿಮೂರು ವರ್ಷದ ಹುಡುಗಿ ಶಾಲೆ ಬಿಡುವ ಜಾಗ ಇದೇ. 2006-07ರಲ್ಲಿ ಶುರುವಾದ ಸೈಕಲ್ ವಿತರಣೆ ಎಂಟನೇ ತರಗತಿಯ ಆ ಕಂದಕಕ್ಕೆ ಹಾಕಿದ ಸೇತುವೆಯಾಗಿತ್ತು. ಕೋವಿಡ್ ಬಂದ ಮೇಲೆ ಅದು ನಿಂತುಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವಾಗಿದೆ. ಬಸ್ಸು ಬರುವ ಊರಿನ ಹುಡುಗಿಗೆ ಈಗ ಎರಡು ಮೂರು ಪ್ರೌಢಶಾಲೆಗಳ ಆಯ್ಕೆ ಇದೆ. ಬಸ್ಸೇ ಬಾರದ ಊರಿನ ಹುಡುಗಿಗೆ ಆ ಟಿಕೆಟ್ಟಿನಿಂದ ಏನೂ ಆಗದು. ಬಸ್ಸು ಬಂದರೂ ಬೆಳಿಗ್ಗೆ ಏಳಕ್ಕೆ ಹೋಗಿ ಸಂಜೆ ಏಳಕ್ಕೆ ಬಿಡುವುದಾದರೆ ಮನೆಯವರು ಒಪ್ಪುವುದಿಲ್ಲ. ಶಾಲೆಯ ಗಂಟೆಗೆ ಬಸ್ಸಿನ ವೇಳೆ ಹೊಂದಿಸಿಕೊಡಿ ಎಂದು ಡಿಪೋ ವ್ಯವಸ್ಥಾಪಕರಿಗೆ ಬರೆದ ಒಂದು ಪತ್ರ ಹೊಸ ಕಟ್ಟಡ ಮಾಡಲಾಗದ ಕೆಲಸ ಮಾಡಿದ್ದನ್ನು ನಾನು ನೋಡಿದ್ದೇನೆ. ಮಗಳು ಮನೆಗೆ ಬೆಳಕಿರುವಾಗ ತಲುಪುತ್ತಾಳೆ ಎಂದು ಗೊತ್ತಾದ ಮೇಲೆ ಓದು ಬಿಡಿಸುವ ಮಾತು ಆ ಮನೆಗಳಲ್ಲಿ ಮತ್ತೆ ಬರಲಿಲ್ಲ.

ನಿಜವಾಗಿಯೂ ಗಡಿ ಬಿಗಿಯಾಗಿರುವ ಶಾಲೆಗಳೂ ಇವೆ, ಪೋಷಕರು ಅದನ್ನು ತಡವಾಗಿ ತಿಳಿಯುತ್ತಾರೆ. ಜವಾಹರ ನವೋದಯದ 6ನೇ ತರಗತಿ ಪರೀಕ್ಷೆ ಬರೆಯಲು ಮಗು ಅದೇ ಜಿಲ್ಲೆಯಲ್ಲಿ 5ನೇ ತರಗತಿ ಓದುತ್ತಿರಬೇಕು. ಅಲ್ಲಿನ ಕನಿಷ್ಠ ಶೇ. 75 ಸೀಟು ಗ್ರಾಮೀಣ ಮಕ್ಕಳಿಗೆ. ಅದಕ್ಕೆ 3, 4, 5ನೇ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಮೂರನೇ ತರಗತಿಗೆ ಮಗುವನ್ನು ಪೇಟೆಯ ಶಾಲೆಗೆ ಬದಲಿಸುವ ಮೊದಲು ಇದನ್ನು ಲೆಕ್ಕ ಹಾಕಿ.

ಇನ್ನು ದೂರದ ಮಕ್ಕಳಿಗೆ ಸಿಗಬೇಕಾದ ಸಾರಿಗೆ ಭತ್ಯೆ. ನಿಗದಿತ ದೂರದೊಳಗೆ ಶಾಲೆ ಇಲ್ಲದ ಜನವಸತಿಯ ಮಕ್ಕಳಿಗೆ ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಡಿ ವರ್ಷಕ್ಕೆ ಒಂದು ಮಗುವಿಗೆ ₹6,000ದವರೆಗೆ ಸಾರಿಗೆ ಅಥವಾ ಬೆಂಗಾವಲಿಗೆ ಅವಕಾಶವಿದೆ. ಇದು ಕೇಳಿದವರಿಗೆ ಸಿಗುವ ಹಣ. ಕೇಳುವುದು ಜೂನ್‌ನಲ್ಲಾದರೆ ಆ ವರ್ಷದ ಹಣ ಆಗಲೇ ಹಂಚಿಕೆಯಾಗಿರುತ್ತದೆ. ಮುಂದಿನ ವರ್ಷದ ವಾರ್ಷಿಕ ಯೋಜನೆ ತಯಾರಾಗುವುದು ಆರ್ಥಿಕ ವರ್ಷ ಮುಗಿಯುವ ಮೊದಲೇ. ಆದ್ದರಿಂದ ಡಿಸೆಂಬರ್‌ ಒಳಗೆ ಎಸ್‌ಡಿಎಂಸಿ ಸಭೆ ಸೇರಿ, ಯಾವ ಮಜರೆಯಿಂದ ಎಷ್ಟು ಮಕ್ಕಳು, ನಡೆಯುವ ದಾರಿಯ ದೂರ ಎಷ್ಟು, ನಡುವೆ ಹಳ್ಳ, ಕಾಡು, ಹೆದ್ದಾರಿ ಏನಿದೆ ಎಂದು ಮಕ್ಕಳ ಹೆಸರಿನ ಸಮೇತ ಬರೆದು, ಸಿಆರ್‌ಪಿ ಸಹಿ ಮಾಡಿಸಿ, ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಅದರ ಒಂದು ಪ್ರತಿ ಗ್ರಾಮ ಪಂಚಾಯಿತಿಗೂ ಹೋಗಲಿ. ತನ್ನ ವ್ಯಾಪ್ತಿಯಲ್ಲಿ ವಾಸಿಸುವ ಹದಿನಾಲ್ಕು ವರ್ಷದೊಳಗಿನ ಮಕ್ಕಳ ದಾಖಲೆ ಇಡುವುದು ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರದ ಕೆಲಸ. ಕಬ್ಬು ಕಡಿಯಲು ವಲಸೆ ಹೋಗುವ ಕುಟುಂಬಗಳ ಮಕ್ಕಳ ಹೆಸರನ್ನೂ ಆ ಪಟ್ಟಿಯಲ್ಲಿ ಬಿಡದೆ ಸೇರಿಸಿ. ಪಂಚಾಯಿತಿ ವರ್ಷಕ್ಕೊಮ್ಮೆ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ದಾರಿಯ ಕಷ್ಟವನ್ನು ಮಕ್ಕಳೇ ಹೇಳಲಿ, ಅದು ನಡಾವಳಿಯಲ್ಲಿ ದಾಖಲಾಗಲಿ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಲಿಖಿತವಾಗಿ ಕೇಳಿ. ನೇರ ಗೆರೆಯ ಅಳತೆಯನ್ನು ಕಾರಣವಾಗಿ ಕೊಟ್ಟರೆ, ನಡೆದು ಅಳೆದ ದೂರದ ಪಟ್ಟಿಯನ್ನು ಲಗತ್ತಿಸಿ ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರ (ಡಿಡಿಪಿಐ) ಕಚೇರಿಗೆ ಮೇಲ್ಮನವಿ ಬರೆಯಿರಿ.