ಡಿಕ್ಕಿಯ ಮ್ಯಾಟಿಗೆ ಮೆದುತನ ಎಲ್ಲಿಂದ ಬಂತು?

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಕಾರಿನ ಬಿಡಿ ಸಾಮಾನು ಮಾರುವ ಯಾವ ಅಂಗಡಿಯಲ್ಲಾದರೂ ಸ್ವಲ್ಪ ಹೊತ್ತು ನಿಂತು ನೋಡಿ. ಎಂಬತ್ತು ಲಕ್ಷದ ಎಸ್‌ಯುವಿ ಕೊಂಡವರು ಡಿಕ್ಕಿಗೆ ಹಾಸುವ ಮ್ಯಾಟನ್ನು ಎರಡು ಬೆರಳ ನಡುವೆ ಹಿಡಿದು ದಪ್ಪ ನೋಡುತ್ತಾರೆ, ಕೈಯಲ್ಲಿ ಎತ್ತಿ ತೂಕ ನೋಡುತ್ತಾರೆ, ಕೊನೆಗೆ ಮೂಗಿಗೆ ಹಿಡಿಯುತ್ತಾರೆ. ಘಾಟು ಜೋರಾಗಿದ್ದರೆ ಒಳ್ಳೆಯ ರಬ್ಬರು ಎಂದು ತೀರ್ಮಾನವಾಗುತ್ತದೆ. ಕಾರಿನ ಎಂಜಿನ್ನಿನ ಬಗ್ಗೆ ತಿಂಗಳುಗಟ್ಟಲೆ ಓದಿಕೊಂಡವರೂ ಮ್ಯಾಟಿನ ವಿಷಯದಲ್ಲಿ ಮೂಗನ್ನೇ ನಂಬುತ್ತಾರಲ್ಲ ಎಂದು ನನಗೆ ಬೇಸರವಾಗುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ಈ ವಸ್ತುವಿಗೆ ಮೆದುತನ ಎಲ್ಲಿಂದ ಬಂತು?

ಅಗ್ಗದ ಮ್ಯಾಟುಗಳಲ್ಲಿ ಬಹುಪಾಲು ಪಿವಿಸಿ, ಅಂದರೆ ಪಾಲಿವಿನೈಲ್ ಕ್ಲೋರೈಡ್ ಎಂಬ ಪ್ಲಾಸ್ಟಿಕ್ಕು. ಹೊಲದ ಕೊಳವೆಬಾವಿಯಿಂದ ನೀರು ತರುವ ಗಟ್ಟಿ ಪೈಪೂ ಅದೇ ಪಿವಿಸಿ. ಸ್ವಭಾವತಃ ಅದು ಗಡಸು. ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ಮೆತ್ತಗಾಗುತ್ತದೆ. 1926ರಲ್ಲಿ ಅಮೆರಿಕದ ಬಿ.ಎಫ್. ಗುಡ್ರಿಚ್ ಕಂಪನಿಯಲ್ಲಿ ವಾಲ್ಡೊ ಸೀಮನ್ ಎಂಬ ರಸಾಯನ ವಿಜ್ಞಾನಿ ಲೋಹಕ್ಕೆ ರಬ್ಬರನ್ನು ಅಂಟಿಸುವ ಗೋಂದನ್ನು ಹುಡುಕುತ್ತಿದ್ದರು. ಆಗ ಯಾರಿಗೂ ಬೇಡವಾಗಿದ್ದ ಪಿವಿಸಿಯನ್ನು ಬೇಗ ಆವಿಯಾಗದ ಒಂದು ದ್ರಾವಕದಲ್ಲಿ ಕಾಯಿಸಿದರು. ಗೋಂದು ಸಿಗಲಿಲ್ಲ. ಆದರೆ ತಣ್ಣಗಾದ ಮೇಲೂ ಬಾಗುವ, ಒತ್ತಿದರೆ ಮತ್ತೆ ಮೇಲೇಳುವ ಹೊಸದೊಂದು ವಸ್ತು ಸಿಕ್ಕಿತು. ಮಳೆಕೋಟು, ವಿದ್ಯುತ್ ತಂತಿಯ ಹೊದಿಕೆ, ನಮ್ಮ ಮ್ಯಾಟು, ಎಲ್ಲವೂ ಆ ಪಾತ್ರೆಯಿಂದ ಹೊರಟವು.

ಆ ಪಾತ್ರೆಯೊಳಗೆ ನಡೆದದ್ದು ಇಷ್ಟು. ಬೇಯಿಸಿ ಬಸಿದ ಶಾವಿಗೆಯನ್ನು ಹಾಗೆಯೇ ಬಿಟ್ಟರೆ ಎಳೆಗಳು ಒಂದಕ್ಕೊಂದು ಅಂಟಿ ಗಟ್ಟಿ ಮುದ್ದೆಯಾಗುತ್ತವೆ. ಎರಡು ಚಮಚ ಎಣ್ಣೆ ಸವರಿದರೆ ಎಳೆ ಎಳೆಯೂ ಬೇರೆಯಾಗಿ ಜಾರುತ್ತದೆ. ಪಿವಿಸಿಯ ಅಣುಗಳು ಆ ಎಳೆಗಳಂತೆ ಉದ್ದುದ್ದ ಸರಪಳಿಗಳು. ಅವುಗಳ ನಡುವೆ ಸೇರಿಕೊಂಡು ಜಾರಿಸುವ ಎಣ್ಣೆಯಂಥ ದ್ರವಕ್ಕೆ ಪ್ಲಾಸ್ಟಿಸೈಜರ್ ಎನ್ನುತ್ತಾರೆ. ಮೆತ್ತನೆಯ ಪಿವಿಸಿಯ ತೂಕದಲ್ಲಿ ಮೂರನೆಯ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಈ ದ್ರವವೇ ಇರಬಹುದು. ಮುಖ್ಯ ಸಂಗತಿಯೆಂದರೆ, ಅದು ಸರಪಳಿಗೆ ರಾಸಾಯನಿಕವಾಗಿ ಬೆಸೆದುಕೊಂಡಿಲ್ಲ. ನಡುವೆ ಕುಳಿತಿದೆ, ಅಷ್ಟೇ. ಅವಕಾಶ ಸಿಕ್ಕರೆ ಎದ್ದು ಹೋಗುತ್ತದೆ.

ಅವಕಾಶವನ್ನು ನಮ್ಮ ಊರಿನ ಬಿಸಿಲು ಧಾರಾಳವಾಗಿ ಕೊಡುತ್ತದೆ. ಹೊರಗೆ 38 ಡಿಗ್ರಿ ಮೀರಿದ ದಿನಗಳಲ್ಲಿ ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರುಗಳ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಮುಟ್ಟಿದ್ದನ್ನು ಅಮೆರಿಕದ ಅರಿಜೋನಾದಲ್ಲಿ ಅಳೆದು 2018ರಲ್ಲಿ ಪ್ರಕಟಿಸಿದ್ದಾರೆ. ಏಪ್ರಿಲ್ ತಿಂಗಳ ದಾವಣಗೆರೆ, ಚಿತ್ರದುರ್ಗಗಳ ಬಿಸಿಲು ಅದಕ್ಕಿಂತ ಬಹಳ ದೂರವೇನಿಲ್ಲ. ಅಷ್ಟು ಶಾಖಕ್ಕೆ ಪ್ಲಾಸ್ಟಿಸೈಜರ್ ಸ್ವಲ್ಪಸ್ವಲ್ಪವೇ ಆವಿಯಾಗಿ, ತಣ್ಣಗಿರುವ ಗಾಜಿನ ಮೇಲೆ ಕೂರುತ್ತದೆ. ಹೊಸ ಕಾರಿನ ಮುಂಗಾಜನ್ನು ಒಳಗಿನಿಂದ ಬೆರಳಲ್ಲಿ ಸವರಿದಾಗ ಹತ್ತುವ ಜಿಡ್ಡಿನ ಪೊರೆಯಲ್ಲಿ ಅದರ ಪಾಲೂ ಇರುತ್ತದೆ. ಪೂಜೆ ಮಾಡಿಸಿ ತಂದ ಕಾರಿನ ಹೊಸ ವಾಸನೆ ಹೋಗಬಾರದೆಂದು ಗಾಜನ್ನೇ ಇಳಿಸದವರು, ಸೀಟಿನ ಪಾಲಿಥೀನ್ ಹೊದಿಕೆಯನ್ನು ವರ್ಷವಾದರೂ ಕೀಳದವರು ಇದ್ದಾರೆ. ಅದು ಭಾಗ್ಯದ ಪರಿಮಳವಲ್ಲ. ಪ್ಲಾಸ್ಟಿಕ್ಕು, ಗೋಂದು, ಬಣ್ಣಗಳಿಂದ ಬಿಡುಗಡೆಯಾಗುತ್ತಿರುವ ಆವಿ. ಪ್ಲಾಸ್ಟಿಸೈಜರ್‌ಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಕೆಲವು ಥ್ಯಾಲೇಟ್‌ಗಳನ್ನು ಐರೋಪ್ಯ ಒಕ್ಕೂಟ 2005ರಲ್ಲಿ ಮಕ್ಕಳ ಆಟಿಕೆಗಳಿಂದ ದೂರವಿಟ್ಟಿತು. ಅದೇ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಗಾಜು ಮುಚ್ಚಿಡುವುದನ್ನು ಕಂಡರೆ ಸುಮ್ಮನಿರಲು ನನ್ನಿಂದಾಗುವುದಿಲ್ಲ. ದಯವಿಟ್ಟು ಗಾಜು ಇಳಿಸಿ.

ಬಿಸಿಲಿಗಿಂತ ದೊಡ್ಡ ಕಳ್ಳ ಜಿಡ್ಡು. ನಮ್ಮ ಕಡೆ ಎಸ್‌ಯುವಿ ಎಷ್ಟೇ ದುಬಾರಿಯಾಗಿರಲಿ, ಡಿಕ್ಕಿಯಲ್ಲಿ ಕೂರುವುದು ಚಳ್ಳಕೆರೆಯ ಗಾಣದ ಕಡಲೆಕಾಯಿ ಎಣ್ಣೆಯ ಡಬ್ಬ, ಬೆಣ್ಣೆ, ತುಪ್ಪ, ಮಂಡಕ್ಕಿ ಚೀಲ. ಪ್ಲಾಸ್ಟಿಸೈಜರ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಎಣ್ಣೆಯಲ್ಲಿ ಸುಲಭವಾಗಿ ಕರಗುತ್ತದೆ. ಸೋರಿದ ಎಣ್ಣೆ ಒರೆಸದೆ ವಾರಗಟ್ಟಲೆ ಉಳಿದರೆ ಮ್ಯಾಟಿನೊಳಗಿನ ದ್ರವವನ್ನು ಹೀರಿಕೊಳ್ಳುತ್ತದೆ. ಆ ಜಾಗ ಬಿರುಸಾಗಿ, ಕುಗ್ಗಿ, ಅಂಚು ಮೇಲಕ್ಕೆ ಸುರುಳಿಗಟ್ಟುತ್ತದೆ.

ಹಾಗಾದರೆ ನಿಜವಾದ ರಬ್ಬರು? 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ಕಾಯಿಸಿ ರಬ್ಬರಿನ ಸರಪಳಿಗಳನ್ನು ಶಾಶ್ವತವಾಗಿ ಗಂಟು ಹಾಕಿದರು. ಅದರ ಮೆದುತನ ಸರಪಳಿಯದೇ ಆದ್ದರಿಂದ ಸುಲಭಕ್ಕೆ ಓಡಿಹೋಗುವುದಿಲ್ಲ. ಆದರೆ ಡೀಸೆಲ್, ಎಂಜಿನ್ ಆಯಿಲ್ ತಾಗಿದರೆ ಉಬ್ಬುತ್ತದೆ, ಗಾಳಿಯ ಓಜೋನಿಗೆ ಬಿರುಕು ಬಿಡುತ್ತದೆ, ಭಾರವೂ ಹೆಚ್ಚು.

ನನ್ನ ಮೆಚ್ಚಿನದು ಟಿಪಿಇ, ಅಂದರೆ ಥರ್ಮೋಪ್ಲಾಸ್ಟಿಕ್ ಎಲಾಸ್ಟೋಮರ್. 1960ರ ದಶಕದಲ್ಲಿ ಶೆಲ್ ಕಂಪನಿ ಮಾರುಕಟ್ಟೆಗೆ ತಂದ ಬಗೆಯನ್ನೇ ತೆಗೆದುಕೊಳ್ಳಿ. ಒಂದೇ ಸರಪಳಿಯ ಎರಡು ತುದಿ ಗಡಸು ಪಾಲಿಸ್ಟೈರೀನ್, ನಡುಭಾಗ ಮೆತ್ತನೆಯ ರಬ್ಬರು. ಗಡಸು ತುದಿಗಳಿಗೆ ಮೆತ್ತನೆಯ ನಡುಭಾಗದ ಜೊತೆ ಬೆರೆಯಲು ಇಷ್ಟವಿಲ್ಲ. ಅವು ತಮ್ಮ ತಮ್ಮಲ್ಲೇ ಕೂಡಿ ಹತ್ತಿಪ್ಪತ್ತು ನ್ಯಾನೋಮೀಟರಿನ ಪುಟ್ಟ ಉಂಡೆಗಳಾಗುತ್ತವೆ. ಆ ಉಂಡೆಗಳೇ ಗಂಟುಗಳು. ಗಂಧಕ ಬೇಡ, ಥ್ಯಾಲೇಟ್ ಬೇಡ. ಸುಮಾರು 100 ಡಿಗ್ರಿಯ ಆಚೆಗೆ ಗಂಟು ಸಡಿಲವಾಗುವುದರಿಂದ ಕಾರ್ಖಾನೆಯಲ್ಲಿ ಕರಗಿಸಿ ಬೇಕಾದ ಅಚ್ಚಿಗೆ ಒತ್ತಬಹುದು. ತಣ್ಣಗಾದರೆ ಗಂಟು ತಾನಾಗಿ ಬೀಳುತ್ತದೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಹಿಗ್ಗು. ಟಿಪಿಇಗೂ ಖನಿಜ ತೈಲ ಬೆರೆಸುವುದುಂಟು, ಆದರೆ ರಬ್ಬರಿನ ಭಾಗಕ್ಕೆ ಆ ತೈಲ ಒಗ್ಗುವುದರಿಂದ ಅಲ್ಲೇ ಉಳಿದುಕೊಳ್ಳುವುದು ಹೆಚ್ಚು. ಡೀಸೆಲ್ ಮಾತ್ರ ಇದಕ್ಕೂ ಆಗದು. ತಾಗಿದರೆ ಕೂಡಲೇ ಸೋಪಿನ ನೀರಿನಲ್ಲಿ ತೊಳೆಯಿರಿ.

ಅಂಗಡಿಯಲ್ಲಿ ಗುರುತಿಸುವುದು ಹೇಗೆ? ಇತ್ತೀಚೆಗೆ ಒಂದು ಅಂಗಡಿಯ ಹುಡುಗ ಬ್ಲೇಡಿನಲ್ಲಿ ಮ್ಯಾಟಿನ ಅಂಚು ಸವರುತ್ತಿದ್ದ. ಕೆಳಗೆ ಬಿದ್ದ ಉಗುರಿನಷ್ಟು ಚೂರೊಂದನ್ನು ಎತ್ತಿ, ಕುಡಿಯಲು ಕೊಟ್ಟಿದ್ದ ಲೋಟದ ನೀರಿಗೆ ಹಾಕಿ, ಗುಳ್ಳೆ ಹೋಗಲಿ ಎಂದು ಬೆರಳಲ್ಲಿ ಅದುಮಿ ಬಿಟ್ಟೆ. ಮೇಲೆ ಬಂತು. ಪಕ್ಕದ ರಾಶಿಯ ಚೂರು ತಳ ಸೇರಿತು. “ಸರ್, ಇಷ್ಟು ವರ್ಷ ಮಾರಿದ್ದೇವೆ, ನೀರಿಗೆ ಹಾಕಿ ನೋಡಿದವರು ಯಾರೂ ಇಲ್ಲ” ಎಂದ ಮಾಲೀಕರು ಮೂರನೆಯದನ್ನು ತಾವೇ ತಂದು ಹಾಕಿದರು. ಪಿವಿಸಿ ನೀರಿಗಿಂತ ಭಾರ, ಟಿಪಿಇ ಸಾಮಾನ್ಯವಾಗಿ ಹಗುರ. ಉಬ್ಬಿಸಿದ ಸ್ಪಂಜಿನಂಥದಲ್ಲದ ಚೂರು ತೇಲಿದರೆ ಅದು ಪಿವಿಸಿ ಅಲ್ಲ. ಮುಳುಗಿದರೆ ಮಾತ್ರ ಖಚಿತವಾಗಿ ಹೇಳಲಾಗದು. ಸುಣ್ಣದಕಲ್ಲಿನ ಪುಡಿಯನ್ನು ಹೆಚ್ಚಾಗಿ ಬೆರೆಸಿದ ಟಿಪಿಇಯೂ ಮುಳುಗುತ್ತದೆ. ತೂಕ ಹೆಚ್ಚಿದ್ದರೆ ಒಳ್ಳೆಯ ಮ್ಯಾಟು ಎಂಬ ನಂಬಿಕೆ ಇಲ್ಲಿ ಪೂರ್ತಿ ತಿರುಗುಮುರುಗಾಗುವುದನ್ನು ಗಮನಿಸಿ.

‘7ಡಿ’ ಎಂದು ಮಾರುವ ಹೊಲಿಗೆಯ ಮ್ಯಾಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇಲೆ ಕೃತಕ ಚರ್ಮ, ಕೆಳಗೆ ಸ್ಪಂಜು. ಸೂಜಿಯ ತೂತಿನಿಂದ ಇಳಿದ ನೀರು ಒಣಗುವುದಿಲ್ಲ, ಮುಗ್ಗಲು ಹಿಡಿಯುತ್ತದೆ.

ಅಂಚಿನ ಎತ್ತರದ ಬಗ್ಗೆಯೂ ದೊಡ್ಡ ಭ್ರಮೆಯಿದೆ. ಒಂದು ಮೀಟರ್ ಉದ್ದ, 110 ಸೆಂಟಿಮೀಟರ್ ಅಗಲದ ಮ್ಯಾಟಿಗೆ ಮೂರು ಸೆಂಟಿಮೀಟರ್ ಅಂಚಿದ್ದರೆ ಲೆಕ್ಕಕ್ಕೆ 33 ಲೀಟರ್ ಹಿಡಿಯುತ್ತದೆ. ಅದು ನಿಂತ ಕಾರಿನ ಮಾತು. ಹೆದ್ದಾರಿಯಲ್ಲಿ ಎಮ್ಮೆ ಅಡ್ಡ ಬಂದು, ಗುರುತ್ವದ ಅರ್ಧದಷ್ಟು ಬಲದಲ್ಲಿ ಬ್ರೇಕ್ ಬಿದ್ದಾಗ ದ್ರವದ ಮೇಲ್ಮೈ ಸುಮಾರು 27 ಡಿಗ್ರಿ ವಾಲುತ್ತದೆ. ಆಗ ಮುಂದಿನ ಅಂಚು ತಡೆಯಬಲ್ಲದ್ದು ಮೂರು ಸೆಂಟಿಮೀಟರ್ ಎತ್ತರ, ಆರು ಸೆಂಟಿಮೀಟರ್ ಉದ್ದದ ಒಂದು ತ್ರಿಕೋನ ಮಾತ್ರ. ಆ ತ್ರಿಕೋನದ ವಿಸ್ತೀರ್ಣವನ್ನು ಮ್ಯಾಟಿನ ಅಗಲದಿಂದ ಗುಣಿಸಿ ನೋಡಿ: ಸುಮಾರು ಒಂದು ಲೀಟರ್! ಉಳಿದದ್ದು ಹಿಂದಿನ ಸೀಟಿನ ಬುಡಕ್ಕೆ ಹೋಗುತ್ತದೆ.

ಡಬ್ಬವೂ ಹಾಗೆಯೇ. ಹದಿನೈದು ಕೆ.ಜಿ.ಯದು ಭಾರವಿದೆ, ಜಾರುವುದಿಲ್ಲ ಎನ್ನುತ್ತಾರೆ. ಘರ್ಷಣೆ ತೂಕಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂಬ ನಿಯಮವನ್ನು ಫ್ರೆಂಚ್ ವಿಜ್ಞಾನಿ ಗಿಯೋಮ್ ಅಮೊಂತೊನ್ 1699ರಲ್ಲೇ ಮುಂದಿಟ್ಟಿದ್ದರು. ಆದರೆ ಮುಂದಕ್ಕೆ ನುಗ್ಗಿಸುವ ಬಲವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಹಾಗಾಗಿ ಒಂದೇ ಬಗೆಯ ತಳವಿದ್ದರೆ ಒಂದು ಕೆ.ಜಿ.ಯ ಡಬ್ಬ ಜಾರುವ ಬ್ರೇಕಿಗೆ ಹದಿನೈದರದ್ದೂ ಜಾರುತ್ತದೆ. ಮೇಲ್ಮೈ ಒರಟಾಗಿರುವ ಮ್ಯಾಟನ್ನು ಆರಿಸಿ, ಹೊಳಪಿಗೆಂದು ಸಿಲಿಕೋನ್ ಪಾಲಿಶ್ ಬಳಿಯಬೇಡಿ. ಇಂಥ ಕಾರುಗಳ ಡಿಕ್ಕಿಯ ನೆಲದಲ್ಲಿ ಸಾಮಾನು ಬಿಗಿಯಲೆಂದೇ ಲೋಹದ ಬಳೆಗಳಿರುತ್ತವೆ. ಆ ಜಾಗದಲ್ಲಿ ಕಿಂಡಿ ಬಿಟ್ಟಿರುವ, ಸೀಟು ಮಡಚಿದರೆ ಅಡ್ಡ ಬಾರದ ಮ್ಯಾಟನ್ನೇ ಕೇಳಿ ಪಡೆಯಿರಿ, ಎಣ್ಣೆ ಡಬ್ಬವನ್ನು ಪಟ್ಟಿಯಿಂದ ಆ ಬಳೆಗಳಿಗೆ ಬಿಗಿಯಿರಿ.